ಖಾಕಿ ಬ್ಯಾಗು ಮತ್ತು ಊರಿನ ಕಾಲಂ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದೆ. ಆದರೆ ಇವತ್ತಿನವರೆಗೆ ಒಬ್ಬರಿಗೂ ಒಂದು ಮಾತ್ರೆ ಕೊಟ್ಟವಳಲ್ಲ. ಕೊಳ್ಳೇಗಾಲದ ನಮ್ಮ ಬೀದಿಯವರಿಗೆ ಇದನ್ನು ಅರ್ಥ ಮಾಡಿಸಲು ನನ್ನಿಂದ ಆಗಲೇ ಇಲ್ಲ. "ನಾಗರತ್ನಮ್ಮ, ಒಸಿ ಬಿ.ಪಿ. ನೋಡ್ಕೊಡಿ" ಎಂದು ತೋಳು ಚಾಚುವವರು ಈಗಲೂ ಇದ್ದಾರೆ. ನಾನು ನರ್ಸ್ ಅಲ್ಲ, ಲೆಕ್ಕ ಬರೆಯುವವಳು ಎಂದರೆ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಒಂದು ಬಿ.ಪಿ. ಮೆಷಿನ್ ತಂದಿಟ್ಟುಕೊಂಡಿದ್ದೇನೆ.

ನಾನಿದ್ದದ್ದು ನೋಂದಣಿ ವಿಭಾಗದಲ್ಲಿ. ಒಂದು ನಗರದಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಭಾಗದ ಕ್ಯಾನ್ಸರ್ ಬಂತು ಎಂದು ವರ್ಷ ವರ್ಷವೂ ಬರೆದಿಡುವುದು, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡುವುದು ಅದರ ಕೆಲಸ. ಯಾವ ನಗರ, ಯಾವ ಆಸ್ಪತ್ರೆ ಎಂದು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆಯವರು 'ಸಿಟಿ' ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಈಗ ಈ ಕೆಲಸಕ್ಕೆ ಸೇರುತ್ತಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು ಎಂಬುದರಿಂದ ನಿಮಗೇನೂ ಆಗಬೇಕಾಗಿಲ್ಲ, ಹಾಗಾಗಿ ಅದನ್ನು ಬಿಟ್ಟಿದ್ದೇನೆ.

ನಮ್ಮ ಫಾರಮ್ಮಿನಲ್ಲಿ ಎರಡು ಪುಟದ ತುಂಬ ಕಾಲಂಗಳು. ರೋಗ ಯಾವುದು, ಎಲ್ಲಿದೆ, ಎಷ್ಟು ಹರಡಿದೆ ಎಂಬುದನ್ನೆಲ್ಲ ಡಾಕ್ಟರ ಕಾಗದ ನೋಡಿ ಬರೆದುಕೊಂಡರೆ ಆಯಿತು. ಬೆವರಿಳಿಸುತ್ತಿದ್ದದ್ದು ಮೇಲೆಯೇ ಇರುವ ಒಂದು ಸಣ್ಣ ಕಾಲಂ: ಊರು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಗರದಲ್ಲೇ ವಾಸವಿದ್ದವರು ಮಾತ್ರ ನಗರದ ಲೆಕ್ಕಕ್ಕೆ ಸೇರುತ್ತಾರೆ. ಚಿಕಿತ್ಸೆಗೆಂದು ಹೊರಗಿನಿಂದ ಬಂದವರು ಸೇರುವುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ಬಂದ ರೋಗಿಗಳ ವಿಳಾಸ ಖಚಿತ ಮಾಡಿಕೊಳ್ಳುವುದು, ಚಿಕಿತ್ಸೆ ಮುಗಿಸಿ ಹೋದವರು ಹೇಗಿದ್ದಾರೆ ಎಂದು ಹೋಗಿ ನೋಡಿಬರುವುದು ನನ್ನ ಪಾಲಿಗೆ ಬಂತು. ಆ ಕಡೆಯವಳೇ ತಾನೇ, ಬಸ್ಸಿನ ಟೈಮಾದರೂ ಗೊತ್ತಿರುತ್ತದೆ ಎಂದರು ನಮ್ಮ ದೊಡ್ಡ ಡಾಕ್ಟರು.

ದೊಡ್ಡ ಡಾಕ್ಟರೆಂದರೆ ನಮ್ಮ ವಿಭಾಗದ ಮುಖ್ಯಸ್ಥರು. ಆಳು ಬಹಳ ಚಿಕ್ಕವರು, ಧ್ವನಿಯೂ ಚಿಕ್ಕದು, ಆದರೆ ತಪ್ಪು ಮಾಡಿದ ದಿನ ಅವರ ಟೇಬಲ್ಲಿನ ಮುಂದೆ ನಿಲ್ಲುವಷ್ಟು ಕಷ್ಟ ಇನ್ನೊಂದಿಲ್ಲ. ಬೈಯುತ್ತಿರಲಿಲ್ಲ, ಕನ್ನಡಕ ತೆಗೆದು ಒರೆಸುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, "ಸಾರ್, ಗೆರೆ ಮೇಲಕ್ಕೆ ಹೋಗಿದೆ, ಕಾಯಿಲೆ ಹೆಚ್ಚಾಗಿದೆ" ಎಂದು ಗ್ರಾಫ್ ಹಾಳೆ ಹಿಡಿದು ಓಡಿದ್ದೆ. ಅವರು ಕನ್ನಡಕ ತೆಗೆದರು. "ಕೂತ್ಕೊಳಮ್ಮ. ಊರಲ್ಲಿ ಜನ ಹೆಚ್ಚಾಗಿದ್ದಾರಾ ನೋಡಿದ್ಯಾ? ಮುದುಕರು ಹೆಚ್ಚಾಗಿದ್ದಾರಾ ನೋಡಿದ್ಯಾ? ಹೊಸ ಸ್ಕ್ಯಾನಿಂಗ್ ಮೆಷಿನ್ ಬಂದು ಮೊದಲು ಕಾಣದೇ ಇದ್ದದ್ದು ಈಗ ಕಾಣ್ತಿದೆಯಾ ನೋಡಿದ್ಯಾ? ಅದನ್ನೆಲ್ಲ ಕಳೆದ ಮೇಲೂ ಗೆರೆ ಮೇಲೆ ಹೋದ್ರೆ ಆಗ ಬಾ" ಎಂದರು. ಹಾಗೆ ಕಳೆದು ಕಳೆದು ನೋಡಿದಾಗಲೂ ಉಳಿದ ಏರಿಳಿತಗಳಿದ್ದವು. ನನ್ನ ಕಣ್ಣೆದುರಿಗೇ ಹೆಂಗಸರ ಗರ್ಭಕೊರಳಿನ ಕ್ಯಾನ್ಸರಿನ ಗೆರೆ ನಿಧಾನವಾಗಿ ಇಳಿಯುತ್ತಾ ಬಂತು, ಸ್ತನದ್ದು ಏರುತ್ತಾ ಹೋಯಿತು. ಒಂದು ವರ್ಷ ಎರಡು ವರ್ಷದಲ್ಲಿ ಇದು ಕಾಣುವುದಿಲ್ಲ. ತಾಳ್ಮೆಯಿಲ್ಲದವರಿಗೆ ಈ ಕೆಲಸ ಆಗಿಬರುವುದಿಲ್ಲ. ನನಗೂ ಇರಲಿಲ್ಲ, ಅವರು ಕನ್ನಡಕ ಒರೆಸುವುದನ್ನು ನೋಡಿ ನೋಡಿ ಬಂತು.

ಈಗ ನೀವು ಆಧಾರ್ ನಂಬರ್ ಒತ್ತಿದರೆ ಒಬ್ಬರನ್ನೇ ಎರಡು ಸಲ ಬರೆದದ್ದು ತಿಳಿಯುತ್ತದೆ. ನಮ್ಮ ಕಾಲದಲ್ಲಿ ದಪ್ಪ ಕಾಗದದ ಕಾರ್ಡುಗಳು, ಮರದ ಡ್ರಾಯರ್. ನಮ್ಮ ಕಡೆ ಬೆಟ್ಟದ ದೇವರು ಮಾದಪ್ಪನಿಗೆ ನಡೆದುಕೊಳ್ಳದ ಮನೆಯೇ ಇಲ್ಲ. ಮಗು ಹುಟ್ಟಿದರೆ ಮಾದಪ್ಪ, ಮಾದೇವ, ಮಾದಮ್ಮ, ಮಾದೇವಮ್ಮ. ಒಂದು ಡ್ರಾಯರ್ ಪೂರ್ತಿ ಅವರೇ. ವಯಸ್ಸು ಕೇಳಿದರೆ, "ಆಗ್ಬೌದು ಕಣವ್ವ, ಒಂದೈವತ್ತು ಅರವತ್ತು" ಎನ್ನುತ್ತಿದ್ದರು. ಮೊದಲ ಕಂಪ್ಯೂಟರ್ ಬಂದಾಗ ಅದು ಮೂವರು ಮಾದೇವಮ್ಮಂದಿರನ್ನು ಒಬ್ಬಳೇ ಎಂದು ತೀರ್ಮಾನಿಸಿತು. ನಾನು ಅದರ ಜೊತೆ ಜಗಳಕ್ಕೆ ಬಿದ್ದೆ. ಒಬ್ಬರು ಕೆರೆ ಹಿಂದಲವರು, ಒಬ್ಬರು ರೇಷ್ಮೆಗೂಡಿನ ವ್ಯಾಪಾರದವರ ಮನೆ ಸೊಸೆ, ಇನ್ನೊಬ್ಬರು ತೀರಿಕೊಂಡು ಎರಡು ವರ್ಷವಾಯಿತು ಎಂದು ನಾನು ಹೇಳಿದರೆ, ಇದನ್ನೆಲ್ಲ ಎಲ್ಲಿ ಟೈಪ್ ಮಾಡುವುದು ಎಂದು ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ಪೇಚಾಡಿಕೊಂಡಳು.

ತಮಿಳುನಾಡಿನ ಗಡಿಯ ಕಾಡಂಚಿನ ಊರು ಗೋಪಿನಾಥಂನ ಒಂದು ಪ್ರಸಂಗ ನೆನಪಾದರೆ ಈಗಲೂ ನಗು ಬರುತ್ತದೆ. ಹೊಟ್ಟೆಯ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು ಹೋದ ಮುನಿಯಪ್ಪ ಎನ್ನುವವರು ಮೂರು ವರ್ಷದಿಂದ ಆಸ್ಪತ್ರೆಯ ಕಡೆ ಸುಳಿದಿರಲಿಲ್ಲ. ಬದುಕಿದ್ದಾರೋ ಇಲ್ಲವೋ ಬರೆಯಬೇಕು. ಇರುವುದು ಒಂದೋ ಎರಡೋ ಬಸ್ಸು. ಕಾಡು ದಾಟಿ ಹೋಗಿ ಇಳಿದಾಗ ಮೈಯೆಲ್ಲ ಧೂಳು. ಜಗಲಿಯ ಮೇಲೆ ಒಬ್ಬ ಮುದುಕರು ಮೀನುಬಲೆಯ ಹರಿದ ಕಣ್ಣುಗಳನ್ನು ಹೊಲಿಯುತ್ತಾ ಕೂತಿದ್ದರು. ಮುಖವನ್ನು ಸಾಧ್ಯವಾದಷ್ಟು ಸಪ್ಪಗೆ ಮಾಡಿಕೊಂಡು, "ಮುನಿಯಪ್ಪನವರ ಮನೆ ಇದೇ ತಾನೆ? ಅವರು ತೀರಿಕೊಂಡದ್ದು ಯಾವಾಗ?" ಎಂದೆ.

"ಇನ್ನೂ ತೀರ್ಕಂಡಿಲ್ಲ ತಾಯಿ" ಎಂದರು ಅವರು ಸೂಜಿ ನಿಲ್ಲಿಸದೆ. "ನಾನೇಯ. ಉಕ್ಕಾರು, ನೀರ್ ಕುಡಿ."

ತಮಿಳಿನಲ್ಲಿ ಕೂತುಕೋ ಎಂದು ಅಷ್ಟು ಸಮಾಧಾನವಾಗಿ ಹೇಳಿದರು. ನಾನು ಕೂತೆ. ಬೇರೆ ಇನ್ನೇನು ಮಾಡುವುದು. ಆಸ್ಪತ್ರೆಗೆ ಯಾಕೆ ಬರಲಿಲ್ಲ ಎಂದರೆ, "ಚಂದಾಗಿವ್ನಲ್ಲ, ಯಾಕ್ ಬರ್ಲಿ?" ಎಂದರು. ಅಂದಿನಿಂದ ಸತ್ತರೇ ಎಂದು ಕೇಳುವ ಮೊದಲು ಚೆನ್ನಾಗಿದ್ದಾರಾ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ನೀವೂ ಹಾಗೇ ಮಾಡಿ.

ಆದರೆ ನನ್ನ ಎಲ್ಲ ತಪ್ಪುಗಳೂ ನಗುವಂಥವಲ್ಲ. ಒಂದನ್ನು ಹೇಳಲೇಬೇಕು. ಈ ಬರಹಕ್ಕೆ ಕೂತದ್ದೇ ಅದಕ್ಕಾಗಿ.

ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಆಸ್ಪತ್ರೆಯಿಂದ ನಮಗೊಂದು ಖಾಕಿ ಬ್ಯಾಗು ಕೊಟ್ಟಿದ್ದರು. ಅದರ ಮೇಲೆ 'ಕ್ಯಾನ್ಸರ್ ಆಸ್ಪತ್ರೆ' ಎಂದು ಕೆಂಪಕ್ಷರ. ಅದನ್ನು ಹೆಗಲಿಗೆ ಹಾಕಿಕೊಂಡರೆ ನನಗೆ ಎಲ್ಲಿಲ್ಲದ ಹೆಮ್ಮೆ. ಹನೂರಿನಿಂದ ಒಳಕ್ಕೆ ಹೋಗುವ ಒಂದು ಹಳ್ಳಿಯಲ್ಲಿ ಚಿಕ್ಕತಾಯಮ್ಮ ಎನ್ನುವವರಿಗೆ ಬಾಯಿಯ ಕ್ಯಾನ್ಸರಾಗಿ ಚಿಕಿತ್ಸೆ ನಡೆದಿತ್ತು. ವಿಳಾಸ ನೋಡಲು ಹೋದವಳು ಬಸ್ಸಿಳಿದು, ಸೀದಾ ಟೀ ಅಂಗಡಿಯ ಮುಂದೆ ನಿಂತು, ಹತ್ತು ಜನರ ಎದುರಿಗೆ ಕೇಳಿದೆ: "ಬಾಯಿ ಕ್ಯಾನ್ಸರ್ ಆಗಿರುವ ಚಿಕ್ಕತಾಯಮ್ಮನ ಮನೆ ಯಾವುದು?" ನಮ್ಮಲ್ಲಿ ಚಿಕ್ಕತಾಯಮ್ಮಂದಿರು ಬಹಳ ಇರುತ್ತಾರಲ್ಲ, ಗುರುತು ಸ್ಪಷ್ಟವಾಗಿರಲಿ ಎಂದು ಹಾಗೆ ಕೇಳಿದ್ದೆ. ಅಂಗಡಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬರು ಎದ್ದು ದಾರಿ ತೋರಿಸಿದರು.

ಆ ಮನೆಯವರು ಹಲ್ಲುನೋವಿಗೆ ಸಿಟಿಗೆ ಹೋಗಿಬರುತ್ತಿದ್ದೇವೆ ಎಂದು ಊರಿಗೆ ಹೇಳಿದ್ದರು. ಮಗಳು ಶಿವಮ್ಮನಿಗೆ ಗಂಡು ಗೊತ್ತಾಗಿತ್ತು. ಆ ಕಾಯಿಲೆ ಅಂಟಿಕೊಳ್ಳುತ್ತದೆ, ಇಲ್ಲದಿದ್ದರೆ ತಾಯಿಯಿಂದ ಮಗಳಿಗೆ ಬಂದೇ ಬರುತ್ತದೆ ಎಂದು ಜನ ನಂಬಿದ್ದ ಕಾಲ. ಹದಿನೈದು ದಿನದೊಳಗೆ ಗಂಡಿನ ಕಡೆಯವರು ಬೇಡವೆಂದರು. ಅದು ತಿಳಿದು ಕ್ಷಮೆ ಕೇಳಲು ಮತ್ತೆ ಹೋದೆ. ಅದೇ ಬ್ಯಾಗು ಹೆಗಲಲ್ಲಿ, ಬುದ್ಧಿ ನೋಡಿ. ಶಿವಮ್ಮ ಹೊಸ್ತಿಲಲ್ಲೇ ನಿಂತಳು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು.

"ನೀವ್ ಬರ್ಕಂಡು ಓದ್ರಿ. ನಮ್ಗೇನಾಯ್ತು ನೋಡುದ್ರಾ?" ಎಂದಳು. "ಇನ್ನೊಂದ್ಸಲ ಆ ಬ್ಯಾಗ್ ತಕಂಡು ನಮ್ ಬಾಗ್ಲಿಗ್ ಬರ್ಬ್ಯಾಡಿ."

ಒಳಗಿನಿಂದ ಚಿಕ್ಕತಾಯಮ್ಮ, "ಬುಡವ್ವ, ಅವಮ್ಮುಂಗೇನ್ ಗೊತ್ತು" ಎಂದದ್ದು ಕೇಳಿಸಿತು. ಆ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ವಾಪಸ್ ಬರುವ ಬಸ್ಸಿನಲ್ಲಿ ಬ್ಯಾಗನ್ನು ಒಳಹೊರಗು ಮಾಡಿ ತಿರುವಿಕೊಂಡೆ. ಅಂದಿನಿಂದ ಕೆಂಪಕ್ಷರ ಒಳಗೇ ಉಳಿಯಿತು. ಯಾವ ಊರಿಗೆ ಹೋದರೂ ಕಾಯಿಲೆಯ ಹೆಸರನ್ನು ಮನೆಯೊಳಗೆ ಕೂತ ಮೇಲೆಯೂ ರೋಗಿ ತಾನಾಗಿ ಎತ್ತುವವರೆಗೆ ನಾನು ಎತ್ತಲಿಲ್ಲ. ಎರಡು ವರ್ಷ ಕಳೆದು ಶಿವಮ್ಮನನ್ನು ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರಿಗೆ ಕೊಟ್ಟು ಮದುವೆ ಮಾಡಿದರಂತೆ, ತಾಯಿ ಅದನ್ನು ನೋಡಿಯೇ ಕಣ್ಣುಮುಚ್ಚಿದರಂತೆ ಎಂದು ಬೇರೆಯವರ ಬಾಯಿಂದ ಕೇಳಿದೆ. ಎದೆಯ ಭಾರ ಅರ್ಧ ಇಳಿಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಮುಗಿದಿರಲಿಲ್ಲ. ಎಷ್ಟೋ ವರ್ಷಗಳಾದ ಮೇಲೆ ಒಂದು ದಿನ ದೊಡ್ಡ ಡಾಕ್ಟರು ಕರೆದು ಒಂದು ಗ್ರಾಫ್ ತೋರಿಸಿದರು. ಸಿಟಿಯ ಒಂದು ಚಿಕ್ಕ ವಾರ್ಡಿನಲ್ಲಿ ಹೆಂಗಸರ ಬಾಯಿಯ ಕ್ಯಾನ್ಸರು ವರ್ಷ ವರ್ಷವೂ ಏರುತ್ತಿತ್ತು. ಕಳೆಯಬೇಕಾದದ್ದನ್ನೆಲ್ಲ ಕಳೆದರೂ ಏರುತ್ತಿತ್ತು. ಪಕ್ಕದ ವಾರ್ಡುಗಳಲ್ಲಿ ಅಂಥದ್ದೇನೂ ಇಲ್ಲ. ಬಾಯಿ ತಪಾಸಣೆಯ ವ್ಯಾನ್ ಒಂದು ಆಸ್ಪತ್ರೆಗೆ ಆಗಷ್ಟೇ ಬಂದಿತ್ತು. ಅದನ್ನು ಆ ವಾರ್ಡಿಗೇ ಕಳಿಸಬೇಕು, ಮುಂದಿನ ವಾರದ ಸಭೆಯಲ್ಲಿ ಇದನ್ನೇ ಹೇಳುತ್ತೇನೆ ಎಂದರು. "ಒಂದ್ಸಲ ವಿಳಾಸಗಳನ್ನ ನೋಡ್ಕೊಂಡ್ ಬಾ. ಸಿಟಿ ಮನೆಗಳನ್ನ ನೋಡ್ತಿದ್ದವರು ರಜದಲ್ಲಿದ್ದಾರೆ."

ಪಟ್ಟಿ ಹಿಡಿದು ಹೋದೆ. ಹೆಸರುಗಳನ್ನು ಓದುತ್ತಿದ್ದಂತೆ ಏನೋ ಕಸಿವಿಸಿ. ಮಾದಮ್ಮ, ಮಾದೇವಮ್ಮ, ಚಿಕ್ಕಮಾದಮ್ಮ. ಅದರಲ್ಲೂ ಹಲವರದು ಒಂದೇ ಬಾಗಿಲ ನಂಬರು, ಬೇರೆ ಬೇರೆ ವರ್ಷಗಳಲ್ಲಿ. ಬಾಗಿಲು ತಟ್ಟಿದೆ. ಐವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು ಬಂದರು. ಒಳಗೆ ಗೋಡೆಗೊರಗಿ ಇಬ್ಬರು ರೋಗಿಗಳು ಕೂತಿದ್ದರು, ಒಬ್ಬರಿಗೆ ಕೆನ್ನೆಯ ಮೇಲೆ ಕರೆಂಟ್, ಎಂದರೆ ವಿಕಿರಣ ಚಿಕಿತ್ಸೆ, ಕೊಡಲು ಹಾಕಿದ ಬಣ್ಣದ ಗುರುತು. ಒಲೆಯ ಮೇಲೆ ಹಿಟ್ಟು ಬೇಯುತ್ತಿತ್ತು. ಯಾವೂರಿನವರು ಎಂದು ನಾನು ಕೇಳುವ ಮೊದಲೇ ಆಕೆಯ ಕಣ್ಣು ನನ್ನ ಹೆಗಲ ಮೇಲೆ ಬಿತ್ತು. ಬ್ಯಾಗು ತಿರುವಿದ್ದರೂ ಖಾಕಿ ಖಾಕಿಯೇ.

"ಬ್ಯಾಗಿನಮ್ಮ ಅಂದ್ರೆ ನೀನೇ ಏನವ್ವ?" ಎಂದರು. "ಬಾ, ಬಾ. ಇಲ್ಗೂ ಬಂದ್ಯಾ."

ಆಕೆ ಪುಟ್ಟಗೌರಮ್ಮ, ತೀರಿಕೊಂಡ ಚಿಕ್ಕತಾಯಮ್ಮನ ಸ್ವಂತ ತಂಗಿ, ಶಿವಮ್ಮನ ಚಿಕ್ಕಮ್ಮ. ಗಂಡ ಸಿಟಿಯಲ್ಲಿ ಕೆಲಸದಲ್ಲಿದ್ದುದರಿಂದ ಅಲ್ಲೇ ನೆಲೆ ನಿಂತಿದ್ದರು. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದರು. "ನಮ್ ಶಿವಿ ಎಲ್ರುಗೂ ಏಳ್ಬುಟ್ಟವ್ಳೆ. ಆಸ್ಪತ್ರೇಲಿ ಊರ್ ಕೇಳುದ್ರೆ ಊರೆಸ್ರು ಏಳ್ಬ್ಯಾಡಿ, ಬ್ಯಾಗಿನಮ್ಮ ಬಂದ್ಬುಡ್ತಾಳೆ. ನಮ್ ಚಿಕ್ಕವ್ವನ್ ಮನೆ ವಿಳಾಸ ಏಳಿ, ಅತ್ತೊರ್ಸದಿಂದ ಅಲ್ಲೇ ಇವ್ನಿ ಅನ್ನಿ ಅಂತ. ನಿಮ್ಮೋರು ಯಾರಾರ ಬಾಗ್ಲಿಗ್ ಬಂದು ಕೇಳುದ್ರೆ ನಾನು ಊಂ ಅಂತೀನಿ. ಒಬ್ರಿಂದ್ ಒಬ್ರಿಗೆ ಗೊತ್ತಾಗಿ ಆ ಕಡೆ ಊರೋರೆಲ್ಲ ಇಲ್ಗೇ ಬತ್ತಾರೆ. ಉಳ್ಕಳಾಕೂ ಜಾಗ ಆಯ್ತು. ಪಕ್ಕದ್ ಬೀದೀಲೂ ನಮ್ಮೋರ್ದು ಇಂಗೇಯ ಒಂದ್ ಮನೆ ಅದೆ."

ಪಟ್ಟಿಯನ್ನು ಮತ್ತೆ ಮೇಲಿನಿಂದ ಓದಿದೆ. ಚಿಕ್ಕ ವಾರ್ಡಿನಲ್ಲಿ ವರ್ಷಕ್ಕೆ ಎರಡು ಮೂರು ಹೆಸರು ಹೆಚ್ಚಾದರೂ ಗೆರೆ ಏರುತ್ತದೆ. ಆ ಗೆರೆಯನ್ನು ಏರಿಸಿದವಳು ನಾನು. ಹನೂರಿನ ಕಡೆಯ ಒಂದು ಟೀ ಅಂಗಡಿಯ ಮುಂದೆ ನಿಂತು ಒಂದೇ ಒಂದು ಮಾತು ಕೇಳಿ ಏರಿಸಿದ್ದೆ. ಕಾಯಿಲೆ ಇದ್ದದ್ದು ಹನೂರಿನ ಹಳ್ಳಿಗಳಲ್ಲಿ, ಯಳಂದೂರಿನಲ್ಲಿ, ನಮ್ಮ ಕೊಳ್ಳೇಗಾಲದ ಸುತ್ತ. ವ್ಯಾನ್ ಹೋಗಿ ನಿಲ್ಲಲಿದ್ದದ್ದು ಸಿಟಿಯ ಈ ಬೀದಿಯಲ್ಲಿ. ನಮ್ಮ ಹೆಂಗಸರು ಮುಂದೆ ಕ್ಯಾನ್ಸರಾಗಬಹುದಾದ ಬಿಳಿ ಮಚ್ಚೆಯನ್ನು ಬಾಯಲ್ಲಿ ಇಟ್ಟುಕೊಂಡು, ಹೊಗೆಸೊಪ್ಪು ಅಗಿಯುತ್ತಾ, ಹುಣ್ಣು ದೊಡ್ಡದಾಗುವವರೆಗೆ ಊರಲ್ಲೇ ಕೂತಿರುತ್ತಿದ್ದರು.

ಹೇಳದೆ ಇರಬಹುದಾಗಿತ್ತು. ವಿಳಾಸ ಸರಿಯಿದೆ ಎಂದು ಒಂದು ಟಿಕ್ ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬರಲಿಲ್ಲ ಎಂದು ಸುಳ್ಳು ಹೇಳಲಾರೆ. ಪುಟ್ಟಗೌರಮ್ಮ ಕೊಟ್ಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಅದು ತಲೆಯಲ್ಲಿತ್ತು. ಆಮೇಲೆ ಕೆನ್ನೆಯ ಮೇಲೆ ಬಣ್ಣದ ಗುರುತಿದ್ದ ಆಕೆಯನ್ನು, ಮೊದಲು ಯಾವಾಗ ಗಾಯ ಕಂಡಿತು ತಾಯಿ ಎಂದು ಕೇಳಿದೆ. "ಓದ್ ಸುಗ್ಗಿಗೆ ಮುಂಚೇನೇ ಇತ್ತು ಕಣವ್ವ. ಅಲ್ಲಿ ನೋಡೋರ್ ಯಾರವ್ರೆ?" ಎಂದರು. ನಾನು ಎದ್ದೆ.

ಆಫೀಸಿಗೆ ಹೋಗಿ ಟೀ ಅಂಗಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ದೊಡ್ಡ ಡಾಕ್ಟರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಒರೆಸಿದರು. ಕೆಲಸ ಹೋಯಿತು ಎಂದೇ ತಿಳಿದಿದ್ದೆ.

"ಟೀ ಅಂಗಡಿ ವಿಷಯ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದರು.

"ನಾಚಿಕೆಯಾಯ್ತು ಸಾರ್."

"ಅವರಿಗೂ ಅದೇ ಅಲ್ವಾ ಆಗಿದ್ದು" ಎಂದು ಗ್ರಾಫ್ ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ, "ನಗರದ ಲೆಕ್ಕದಿಂದ ಇವರನ್ನ ತೆಗೀಬೇಕು. ತೆಗೆದ್ರೆ ಇವರು ಬೇರೆ ಯಾವ ಲೆಕ್ಕದಲ್ಲೂ ಇಲ್ಲ. ನೀನು ಒಂದು ಬೇರೆ ಪುಸ್ತಕ ಮಾಡು. ಕೊಳ್ಳೇಗಾಲ, ಹನೂರು, ಯಳಂದೂರು ಕಡೇದು" ಎಂದರು. ಸಭೆಯಲ್ಲಿ ಅವರು ತಮ್ಮ ತಪ್ಪು ಎಂದೇ ಹೇಳಿದರಂತೆ, ನನ್ನ ಹೆಸರೆತ್ತಲಿಲ್ಲವಂತೆ. ಗೆರೆ ಇಳಿಯಿತು, ವ್ಯಾನ್ ನಮ್ಮ ಕಡೆಗೆ ತಿರುಗಿತು. ಆ ಪುಸ್ತಕದಷ್ಟು ಶ್ರದ್ಧೆಯಿಂದ ನಾನು ಇನ್ನೇನನ್ನೂ ಬರೆದಿಲ್ಲ.

ವ್ಯಾನ್ ಮೊದಲು ನಿಂತದ್ದು ಯಳಂದೂರಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ಒಂದು ನರಪಿಳ್ಳೆಯೂ ಹತ್ತಿರ ಬರಲಿಲ್ಲ. ನೋಡಿದರೆ ಅದರ ಪಕ್ಕೆಗೆ ದೊಡ್ಡದಾಗಿ ಕ್ಯಾನ್ಸರ್ ಎಂದು ಬರೆಸಿದ್ದರು. ಅದನ್ನು ಮುಚ್ಚಿ 'ಹಲ್ಲು ಮತ್ತು ಬಾಯಿ ತಪಾಸಣೆ' ಎಂಬ ಬಟ್ಟೆ ಕಟ್ಟಿಸಿದೆ. ಹಲ್ಲನ್ನೂ ನಿಜವಾಗಿಯೇ ನೋಡುತ್ತಿದ್ದರು. ಮಾರನೆಯ ದಿನ ಸಾಲು ನಿಂತಿತು. ಇಷ್ಟು ಸಣ್ಣ ವಿಷಯ ನನಗೆ ಗೊತ್ತಿತ್ತು, ಅಲ್ಲಿದ್ದ ಡಾಕ್ಟರಿಗೆ ಗೊತ್ತಿರಲಿಲ್ಲ ಎಂಬ ಜಂಬ ನನಗೆ ಬಹಳ ದಿನ ಇತ್ತು.

ನಾನು ನಿವೃತ್ತಳಾಗುವ ವರ್ಷ ವ್ಯಾನ್ ಮುಳ್ಳೂರಿಗೆ ಬಂತು. ಹೆಸರು, ಊರು ಬರೆದುಕೊಳ್ಳಲು ಕೂತವಳು ನಾನೇ. ಸಾಲಿನಲ್ಲಿ ಒಬ್ಬ ಹೆಂಗಸು ಮುಂದೆ ಬಂದು ನಿಂತು ಟೇಬಲ್ಲಿನ ಪಕ್ಕದಲ್ಲಿದ್ದ ಖಾಕಿ ಬ್ಯಾಗನ್ನೇ ನೋಡುತ್ತಿದ್ದಳು. ತಲೆಯಲ್ಲಿ ಅಲ್ಲಲ್ಲಿ ಬೆಳ್ಳಿ, ತುಟಿಯಲ್ಲಿ ಎಲೆ ಅಡಿಕೆಯ ಕೆಂಪು.

"ಗುರ್ತು ಸಿಕ್ತಾ?" ಎಂದಳು.

"ಸಿಕ್ತು ಶಿವಮ್ಮ."

ಅವಳ ಎಡಗೆನ್ನೆಯ ಒಳಗೆ ಬಿಳಿ ಮಚ್ಚೆಯಿತ್ತು. ಡಾಕ್ಟರು ನೋಡಿ ನನ್ನ ಕಡೆ ಕಾರ್ಡು ತಳ್ಳಿದರು. ಅದರ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಿತ್ತು. ಹಿಂದೆ ಅವಳ ಅತ್ತೆ, ನಾದಿನಿ, ಅರ್ಧ ಊರು ನಿಂತಿತ್ತು. ನಾನು ಆದಷ್ಟು ತಗ್ಗಿದ ಧ್ವನಿಯಲ್ಲಿ, "ವಿಳಾಸ ಯಾವುದು ಬರೆಯಲಿ? ಚಿಕ್ಕಮ್ಮನ ಮನೇದು ಬೇಕಾದರೂ ಹೇಳು" ಎಂದೆ.

ಅವಳು ಒಂದು ಸಲ ಹಿಂದಕ್ಕೆ ತಿರುಗಿ ಸಾಲನ್ನು ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಮುಳ್ಳೂರು ಅಂತ ಬರ್ಕಳಿ. ನಮ್ಮನೆ ಬಾಗ್ಲಿಗೇ ಬನ್ನಿ. ದಾರೀಲಿ ಯಾರ್ನ್ ಬೇಕಾದ್ರೂ ಕೇಳ್ಕಂಡ್ ಬನ್ನಿ." ಅವಳ ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟರು.

ಎರಡು ವಾರಕ್ಕೆ ರಿಪೋರ್ಟ್ ಬಂತು. ಫೋನಿನಲ್ಲೇ ಹೇಳಬಹುದಾಗಿತ್ತು, ಈಗ ಎಲ್ಲರೂ ಹಾಗೇ ಮಾಡುತ್ತಾರೆ. ನಾನು ಬಸ್ಸು ಹತ್ತಿದೆ. ಮುಳ್ಳೂರಿನಲ್ಲಿ ಇಳಿದಾಗ ಟೀ ಅಂಗಡಿಯವರು ತಾವಾಗಿಯೇ ಕೂಗಿದರು. "ಶಿವಮ್ಮಾರ್ ಮನ್ಗಾ? ಆ ಬಾಯ್ ಟೆಸ್ಟಿಂದು ಬಂತಾ?" ಮೊದಲು ಅವರಿಗೆ ಹೇಳಬೇಕಲ್ಲಪ್ಪ ಎಂದೆ. "ಅದೂ ಸರೀನೇ, ಓಗಿ ಓಗಿ" ಎಂದರು.

ಶಿವಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಇಪ್ಪತ್ತೈದು ವರ್ಷದ ಹಿಂದೆ ನಿಂತ ಹಾಗೆಯೇ. ಬ್ಯಾಗು ನೋಡಿ ಅವಳ ಮುಖ ಬಿಳುಚಿಕೊಂಡಿತು. ಆದರೂ ಗಟ್ಟಿಯಾಗಿ, "ಬರ್ಕಳಿ, ಏನ್ ಬರ್ಕಬೇಕೋ. ಊರು ಮುಳ್ಳೂರು" ಎಂದಳು.

"ಬರೆದುಕೊಳ್ಳೋಕೆ ಏನೂ ಇಲ್ಲ ಕಣಮ್ಮ. ಅದು ಕ್ಯಾನ್ಸರ್ ಅಲ್ಲ. ಹೊಗೆಸೊಪ್ಪು ಬಿಟ್ಟು ಆರು ತಿಂಗಳಿಗೊಂದು ಸಲ ತೋರಿಸ್ಕೊಂಡ್ರೆ ಆಯ್ತು. ನಿನ್ನ ಹೆಸರು ನನ್ನ ಪುಸ್ತಕಕ್ಕೆ ಬರಲ್ಲ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನನಗೂ ಕಣ್ಣು ತುಂಬಿ ಬಂದಿತ್ತು, ಒರೆಸಿಕೊಳ್ಳಲು ಕನ್ನಡಕ ತೆಗೆದೆ. ಅವಳು ಕೈ ಚಾಚಿ ನನ್ನ ಹೆಗಲಿನಿಂದ ಬ್ಯಾಗು ತೆಗೆದುಕೊಂಡು ಒಳಗೆ ಗೂಟಕ್ಕೆ ನೇತುಹಾಕಿದಳು.

"ಕಾಲ್ ತೊಳ್ಕಬನ್ನಿ ಅಕ್ಕ" ಎಂದಳು. "ಉಣ್ಣೀರಂತೆ."